ಮಲೆನಾಡಿನ ಮನೆಗೆ ಹೊಸ ಡೆಸ್ಕ್‌ಟಾಪ್: ಯಾವುದನ್ನು, ಯಾವ ಸಿದ್ಧತೆಯೊಂದಿಗೆ ಕೊಳ್ಳಬೇಕು?

ಪ್ರಶ್ನೆ: ಮಂಡಗದ್ದೆ ದಾರಿ

ಮಾನ್ಯರೇ,

ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಮನೆಗೆ ಹೊಸ ಡೆಸ್ಕ್‌ಟಾಪ್ ಕಂಪ್ಯೂಟರ್ ಕೊಳ್ಳುವುದೆಂದು ನಿಶ್ಚಯವಾಗಿದೆ. ಆದರೆ ಯಾವುದನ್ನು, ಎಲ್ಲಿಂದ ತರಬೇಕು ಎಂಬಲ್ಲಿ ಮನೆಯೊಳಗೇ ಒಮ್ಮತವಿಲ್ಲದ ಕಾರಣ ಇಲ್ಲಿ ಕೇಳುತ್ತಿದ್ದೇನೆ. ಈಗಿರುವುದು ನಾಲ್ಕನೆಯ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಮತ್ತು ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್ ಬೇಕಂತೆ. ಹೀಗಾಗಿ ಹಳೆಯದನ್ನು ಇನ್ನಷ್ಟು ತೇಪೆ ಹಾಕಿ ನಡೆಸುವುದರಲ್ಲಿ ಅರ್ಥ ಕಾಣುತ್ತಿಲ್ಲ.

ನಮ್ಮ ಬಳಕೆ ದೊಡ್ಡದೇನಲ್ಲ. ತೋಟದ ಖರ್ಚು, ಕೊನೆಕೊಯ್ಲಿನ ಕೂಲಿ, ಮಂಡಿಯ ಪಟ್ಟಿಗಳ ಲೆಕ್ಕವನ್ನು ನಾನು ಎಕ್ಸೆಲ್‌ನಲ್ಲಿ ಇಡುತ್ತೇನೆ. ಪಹಣಿ ತೆಗೆಯುವುದು, ಬೆಳೆ ವಿಮೆಯ ವಿವರ ನೋಡುವುದು, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರಲ್ಲೇ. ಮಗಳು ಬಿ.ಕಾಂ. ಓದುತ್ತಿದ್ದು ಟ್ಯಾಲಿ ಕಲಿಯುತ್ತಿದ್ದಾಳೆ. ಅಪ್ಪಯ್ಯ ಊರಿನ ದೇವಸ್ಥಾನದ ಹಳೆಯ ಕಾಗದಪತ್ರಗಳನ್ನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಡುತ್ತಾರೆ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಅಕ್ಷರ ದೊಡ್ಡದಾಗಿ ಕಾಣಬೇಕು, ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಓದುವಂತಿರಬೇಕು. ಲ್ಯಾಪ್‌ಟಾಪ್ ಬೇಡವೆಂದು ತೀರ್ಮಾನಿಸಿದ್ದು ಮುಖ್ಯವಾಗಿ ಇದಕ್ಕೇ. ಆಟಗಳನ್ನು ಆಡುವವರು ಯಾರೂ ಇಲ್ಲ.

ಮಾನಿಟರ್ ಸೇರಿ 50,000 ರೂಪಾಯಿಯೊಳಗೆ ಮುಗಿಸುವ ಇರಾದೆ. ಕಂಪನಿಯವರೇ ಜೋಡಿಸಿ ಮಾರುವ ಡೆಸ್ಕ್‌ಟಾಪ್ ಒಳ್ಳೆಯದೆಂದು ಮಗಳು ಹೇಳುತ್ತಾಳೆ; ಶಿವಮೊಗ್ಗದ ಅಂಗಡಿಯಲ್ಲಿ ಅಸೆಂಬಲ್ ಮಾಡಿಸೋಣವೆಂಬುದು ನನ್ನ ಮನಸ್ಸು; ಬೆಂಗಳೂರಿನಲ್ಲಿರುವ ಭಾವ, ಎಸ್.ಪಿ. ರಸ್ತೆಯಲ್ಲಿ ಕಚೇರಿಗಳಿಂದ ಹಿಂದಿರುಗಿದ ಯಂತ್ರಗಳು ಅರ್ಧ ಬೆಲೆಗೆ ಸಿಗುತ್ತವೆ ಎನ್ನುತ್ತಾರೆ. ನಮ್ಮಲ್ಲಿ ಇನ್ವರ್ಟರ್ ಇದೆ, ಫೈಬರ್ ಇಂಟರ್ನೆಟ್ ಇದೆ. ಸಿಡಿಲು, ಮಳೆಗಾಲದ ತೇವ ಮತ್ತು ಬೇಸಿಗೆಯ ಸಂಜೆ ಇಳಿಯುವ ವೋಲ್ಟೇಜು ಹೇಗಿರುತ್ತವೆಂದು ಈ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಸಲಹೆ ನೀಡಿದರೆ ಉಪಕಾರವಾಗುತ್ತದೆ.


ಉತ್ತರ: ಬೆಸುಗೆ

ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ನನ್ನ ವೃತ್ತಿ. ಇಂಥ ಪ್ರಶ್ನೆಗೆ ಪ್ರೊಸೆಸರಿನಿಂದ ಉತ್ತರ ಆರಂಭಿಸುವುದು ವಾಡಿಕೆಯಾದರೂ, ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯಿಂದ ನಮ್ಮ ಮೇಜಿಗೆ ಬರುವ ಯಂತ್ರಗಳಲ್ಲಿ ಪ್ರೊಸೆಸರ್ ಕೆಟ್ಟಿರುವುದು ತೀರಾ ಅಪರೂಪ. ಬರುವುದು ಸುಟ್ಟ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಡಬ್ಬಿ), ಸತ್ತ ಲ್ಯಾನ್ ಪೋರ್ಟ್ (ಇಂಟರ್ನೆಟ್ ವೈರ್ ಚುಚ್ಚುವ ಕಿಂಡಿ), ಕೆಪಾಸಿಟರ್ ಉಬ್ಬಿದ ಮದರ್‌ಬೋರ್ಡ್, ತುಕ್ಕು ಹಿಡಿದ ರ‍್ಯಾಮ್ ಸ್ಲಾಟು. ಆದ್ದರಿಂದ ತಾವು ಯಾವ ಡೆಸ್ಕ್‌ಟಾಪ್ ತಂದರೂ ಅದು ಎಷ್ಟು ವರ್ಷ ಬಾಳುತ್ತದೆಂಬುದು ಅದರ ಹಿಂದಿರುವ ಗೋಡೆಯ ಪ್ಲಗ್ಗಿನ ಮೇಲೆ ನಿಂತಿದೆ.

ಮೊದಲು ಅರ್ಥಿಂಗ್ ನೋಡಿಸಿ. ಹಳೆಯ ಕಂಪ್ಯೂಟರ್ ಚಾಲೂ ಇರುವಾಗ ಅದರ ಹಿಂಬದಿಯ ಬಣ್ಣವಿಲ್ಲದ ತಗಡನ್ನು ಬೆರಳಿನ ಹಿಂಭಾಗದಿಂದ ಸವರಿದಾಗ ಜುಮ್ಮೆನ್ನುತ್ತದೆಯೇ? ಜುಮ್ಮೆಂದರೆ ಆ ಪ್ಲಗ್ಗಿಗೆ ಅರ್ಥ್ ತಲುಪಿಲ್ಲವೆಂದು ಬಹುಮಟ್ಟಿಗೆ ಹೇಳಿಬಿಡಬಹುದು. ಎಸ್‌ಎಂಪಿಎಸ್‌ನ ಬಾಗಿಲಲ್ಲೇ ವಿದ್ಯುತ್ತಿನ ಗಲಭೆಯನ್ನು ಸೋಸಲು ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರನ್ನು ಲೋಹದ ಡಬ್ಬಿಗೆ ಜೋಡಿಸಿರುತ್ತಾರೆ. ಅರ್ಥ್ ಇದ್ದರೆ ಆ ಅಲ್ಪ ಪ್ರವಾಹ ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಇಡೀ ಡಬ್ಬಿ 230 ವೋಲ್ಟಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಪ್ರವಾಹ ತೀರಾ ಕಡಿಮೆಯಾದ್ದರಿಂದ ಮನುಷ್ಯರಿಗೆ ಅಪಾಯವಾಗದೆ ಹೋಗಬಹುದು, ಆದರೆ ಅದೇ ಯಂತ್ರಕ್ಕೆ ಪ್ರಿಂಟರ್, ಪೆನ್‌ಡ್ರೈವ್, ಟಿವಿಯ ಕೇಬಲ್ ಜೋಡಿಸಿದಾಗ ಪೋರ್ಟುಗಳು ಒಂದೊಂದಾಗಿ ಹೋಗುವುದಕ್ಕೆ ಇದೂ ಒಂದು ಕಾರಣ.

ಎಲೆಕ್ಟ್ರಿಷಿಯನ್ ಬಂದಾಗ ಮಲ್ಟಿಮೀಟರ್ ಒಂದನ್ನೇ ನಂಬಿ ಹೋಗಲು ಬಿಡಬೇಡಿ. ಮೀಟರ್ ಎಳೆಯುವ ಪ್ರವಾಹ ನಗಣ್ಯವಾದ್ದರಿಂದ, ಒಣಗಿದ ಅರ್ಥಿಂಗ್ ಗುಂಡಿಯ ದುರ್ಬಲ ಅರ್ಥ್ ಕೂಡ ಅದರಲ್ಲಿ 230 ವೋಲ್ಟ್ ತೋರಿಸುತ್ತದೆ. ಅನುಭವಸ್ಥರು ಫೇಸಿಗೂ ಅರ್ಥಿಗೂ ನಡುವೆ ಬಲ್ಬು ಉರಿಸಿ ನೋಡುತ್ತಾರೆ. ಬಲ್ಬು ಮಂಕಾಗಿ ಉರಿದರೆ ಗುಂಡಿಗೆ ಕೆಲಸವಿದೆ ಎಂದು ಅರ್ಥ. ಈ ಪರೀಕ್ಷೆಯನ್ನು ಬಲ್ಲವರೇ ಮಾಡಬೇಕು, ದಯವಿಟ್ಟು ತಾವು ಕೈಹಾಕಬೇಡಿ. ನಮ್ಮ ಜಂಬಿಟ್ಟಿಗೆ ನೆಲ ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಒಯ್ಯುವುದಿಲ್ಲ. ಅದಕ್ಕೇ ಹಿಂದಿನವರು ಇದ್ದಿಲು, ಉಪ್ಪು ತುಂಬಿದ ಗುಂಡಿಯನ್ನು ಬಚ್ಚಲಿನ ನೀರು ಹೋಗುವ ಮಗ್ಗುಲಲ್ಲಿ ತೆಗೆಯುತ್ತಿದ್ದದ್ದು.

ಇನ್ನು ಸಿಡಿಲಿನ ವಿಷಯ. ಭರಣಿ, ಕೃತ್ತಿಕೆಯ ಗುಡುಗು ಮಳೆಯಲ್ಲಿ ಹಾಗೂ ಮತ್ತೆ ಚಿತ್ತೆ, ಸ್ವಾತಿಯ ಹೊತ್ತಿನಲ್ಲಿ ನಮಗೆ ಬಿಡುವಿರುವುದಿಲ್ಲ; ಆರ್ದ್ರೆ, ಪುನರ್ವಸುವಿನ ಹಿಡಿದ ಮಳೆಯಲ್ಲಿ ಸಿಡಿಲು ಅಷ್ಟಿರುವುದಿಲ್ಲ. ತೋಟದ ಮೇಲೆ ಉದ್ದಕ್ಕೆ ಹಾದುಬರುವ ತಂತಿಯ ಸಮೀಪ ಎಲ್ಲೋ ಸಿಡಿಲು ಬಡಿದರೂ ಅದರಲ್ಲಿ ಹುಟ್ಟುವ ಹೊಡೆತ ಮನೆಯೊಳಗೆ ಬರುತ್ತದೆ. ಸ್ಪೈಕ್ ಗಾರ್ಡ್ ಎಂದು ಮಾರುವ ಎಷ್ಟೋ ಪೆಟ್ಟಿಗೆಗಳು ಕೇವಲ ದೀಪವಿರುವ ಎಕ್ಸ್‌ಟೆನ್ಷನ್ ಬೋರ್ಡುಗಳು. ನಿಜವಾದ ಗಾರ್ಡ್ ಕೂಡ ಹೊಡೆತದ ಹೆಚ್ಚಿನ ಪಾಲನ್ನು ಅರ್ಥಿಗೆ ತಳ್ಳಿಯೇ ಕೆಲಸ ಮಾಡಬೇಕು, ಅರ್ಥೇ ಇಲ್ಲದಿದ್ದರೆ ಅದು ತಳ್ಳುವುದೆಲ್ಲಿಗೆ? ಹತ್ತಿರದ ಸಿಡಿಲಿಗೆ ಪ್ಲಗ್ ಕೀಳುವುದೊಂದೇ ಮದ್ದು. ಕೀಳುವಾಗ ಇಂಟರ್ನೆಟ್ ಪೆಟ್ಟಿಗೆಯ ಅಡಾಪ್ಟರನ್ನೂ ಕೀಳಬೇಕು. ಫೈಬರ್ ಗಾಜಿನದು, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂಬುದು ನಿಜ. ಆದರೆ ಕಂಬದಿಂದ ಮನೆಗೆ ಎಳೆದ ಕೇಬಲ್ಲಿನ ಜೊತೆ ಆಧಾರಕ್ಕೆಂದು ಉಕ್ಕಿನ ತಂತಿ ಇರುತ್ತದೆ, ಪೆಟ್ಟಿಗೆಗೆ ಕರೆಂಟು ಗೋಡೆಯಿಂದಲೇ ಬರುತ್ತದೆ. ಅಲ್ಲಿಂದ ಲ್ಯಾನ್ ವೈರಿನ ಮೂಲಕ ಮದರ್‌ಬೋರ್ಡಿಗೆ ದಾರಿ ನೇರ. ಹೊಸ ಯಂತ್ರಕ್ಕೆ ಲ್ಯಾನ್ ವೈರ್ ಚುಚ್ಚಲೇಬೇಡಿ, ವೈಫೈ ಬಳಸಿ. ಅಗ್ಗದ ಮದರ್‌ಬೋರ್ಡುಗಳಲ್ಲಿ ವೈಫೈ ಇರುವುದಿಲ್ಲ, ಕೊಳ್ಳುವಾಗಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ಅಡಾಪ್ಟರ್ ಸಾಕು.

ಇವಿಷ್ಟನ್ನು ನೋಡಿ ತಿಳಿಸಿ. ಇನ್ವರ್ಟರ್ ಸೈನ್ ವೇವ್ (ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವುದು) ಆಗಿದೆಯೇ, ಅದರ ಬೆನ್ನಿನಲ್ಲಿ ಸಣ್ಣ ಸ್ವಿಚ್ ಇದೆಯೇ ಎಂಬುದನ್ನೂ ಬರೆಯಿರಿ. ಯಂತ್ರದ ಮಾತು ಅನಂತರ ಆಡೋಣ.


ಉತ್ತರ: ಹೊಸನಗರದ ಮೇಷ್ಟ್ರು

ಬೆಸುಗೆಯವರು ಬುನಾದಿಯ ಮಾತು ಹೇಳಿದ್ದಾರೆ, ನಾನು ಮೇಲಿನ ಕಟ್ಟಡದ ಬಗ್ಗೆ ಬರೆಯುತ್ತೇನೆ. ಶಾಲೆಗೂ ಮನೆಗೂ ಕಂಪ್ಯೂಟರ್ ಆರಿಸುವ ಹೊಣೆ ಪ್ರತಿ ಬಾರಿಯೂ ನನ್ನ ತಲೆಗೇ ಬಂದಿರುವುದರಿಂದ ಕೆಲವು ಅಭಿಪ್ರಾಯಗಳು ಗಟ್ಟಿಯಾಗಿವೆ.

ಮೊದಲನೆಯದಾಗಿ ತಮಗೆ ಅವಸರವಿಲ್ಲ. ವಿಂಡೋಸ್ 10 ಬಳಸುವ ಮನೆಗಳವರು ನೋಂದಾಯಿಸಿಕೊಂಡರೆ ಸುರಕ್ಷತಾ ಅಪ್‌ಡೇಟುಗಳು 2026ರ ಅಕ್ಟೋಬರ್ 13ರವರೆಗೆ ದೊರೆಯುತ್ತವೆ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ಕೊಂಡಿ ಇದೆ. ಬ್ಯಾಂಕಿನ ಕೆಲಸ ಆ ಯಂತ್ರದಲ್ಲಿ ನಡೆಯುತ್ತಿರುವುದರಿಂದ ಅದನ್ನು ಇಂದೇ ಮಾಡಿ, ಆಮೇಲೆ ನಿಧಾನವಾಗಿ ವಿಚಾರಿಸಿ.

ಪ್ರೊಸೆಸರಿನ ವಿಷಯದಲ್ಲಿ ಜನ ಮೋಸ ಹೋಗುವುದು ಐ3, ಐ5, ಐ7 ಎಂಬ ಹೆಸರಿನಲ್ಲಿ. ಈ ಅಂಕಿಗಿಂತ ಅದರ ಮುಂದಿನ ಸಂಖ್ಯೆ ಮುಖ್ಯ. ಐ7 4770 ಎಂದರೆ ನಾಲ್ಕನೆಯ ತಲೆಮಾರು, 2013ರದ್ದು. ಐ3 12100 ಎಂದರೆ ಹನ್ನೆರಡನೆಯ ತಲೆಮಾರು, 2022ರದ್ದು. ಹೆಸರಿನಲ್ಲಿ ಸಣ್ಣದಾದ ಈ ಐ3 ಕೆಲಸದಲ್ಲಿ ಆ ಐ7 ಅನ್ನು ಸಲೀಸಾಗಿ ಹಿಂದಿಕ್ಕುತ್ತದೆ, ವಿಂಡೋಸ್ 11 ಅನ್ನೂ ಒಪ್ಪಿಕೊಳ್ಳುತ್ತದೆ. ತಮ್ಮ ಬಳಕೆಗೆ ಹನ್ನೆರಡನೆಯ ಅಥವಾ ಅನಂತರದ ತಲೆಮಾರಿನ ಐ3 ಧಾರಾಳವಾಗಿ ಸಾಕು, ಎಎಂಡಿ ಕಡೆ ಹೋದರೆ ರೈಜೆನ್ 5 5600ಜಿ ಹೊಂದುತ್ತದೆ. ಇಂಟೆಲ್‌ನ ಸಂಖ್ಯೆಯ ಕೊನೆಗೆ ಎಫ್ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಸ್ವಲ್ಪ ಅಗ್ಗವೆಂದು ಅಂಗಡಿಯವರು ಅದನ್ನು ತೋರಿಸಿದರೆ ಬೇಡವೆನ್ನಿ. ಅದೇ ರೀತಿ 5600 ಮತ್ತು 5600ಜಿ ಬೇರೆ ಬೇರೆ, ತಮಗೆ ಬೇಕಾದದ್ದು ಜಿ ಇರುವುದು.

ಭಾವನವರು ಹೇಳಿದ ಕಚೇರಿಯ ಯಂತ್ರಗಳನ್ನು ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ, ಅವುಗಳ ಕಟ್ಟುಮಸ್ತು ಚೆನ್ನಾಗಿಯೇ ಇರುತ್ತದೆ. ಆದರೆ ತೀರಾ ಅಗ್ಗಕ್ಕೆ ಸಿಗುವವು ಬಹುಪಾಲು ಆರು, ಏಳನೆಯ ತಲೆಮಾರಿನವು. ಅಂದರೆ ಈಗಿರುವ ತೊಂದರೆಯನ್ನೇ ಇನ್ನೊಮ್ಮೆ ದುಡ್ಡು ಕೊಟ್ಟು ತಂದಂತಾಗುತ್ತದೆ. ಎಂಟನೆಯ ತಲೆಮಾರು ಅಥವಾ ಮೇಲಿನದು, ಜೊತೆಗೆ ಹೊಸ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಗೂ ಬಿಲ್ಲು ಇದ್ದರೆ ಮಾತ್ರ ಆ ದಾರಿ.

ರ‍್ಯಾಮ್ 16 ಜಿಬಿ ಇರಲಿ. 2025ರ ಕೊನೆಯಿಂದ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿದೆ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ತಯಾರಕರ ಉತ್ಪಾದನೆಯ ದೊಡ್ಡ ಭಾಗವನ್ನು ಎಳೆದುಕೊಳ್ಳುತ್ತಿರುವುದು ಅದಕ್ಕೆ ಕಾರಣ. ಹೀಗಾಗಿ ಬೆಲೆ ಕೇಳಿ ಗಾಬರಿಯಾದರೆ ಸದ್ಯಕ್ಕೆ 8 ಜಿಬಿಯ ಒಂದೇ ಪಟ್ಟಿ ಹಾಕಿಸಿ, ಇನ್ನೊಂದು ಸ್ಲಾಟ್ ಖಾಲಿ ಬಿಡಿಸಿ. ಟ್ಯಾಲಿ, ಎಕ್ಸೆಲ್, ಬ್ರೌಸರ್‌ಗಳಿಗೆ ಅಷ್ಟರಲ್ಲೂ ನಡೆಯುತ್ತದೆ. 512 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ಮಾತ್ರ ರಾಜಿ ಬೇಡ. ಹಳೆಯ ಯಂತ್ರ ಎದ್ದು ನಿಲ್ಲುವಷ್ಟರಲ್ಲಿ ಕಾಫಿ ಕುಡಿದು ಬರುವ ಅಭ್ಯಾಸವಿದ್ದರೆ, ಎಸ್‌ಎಸ್‌ಡಿ ಬಂದ ಮೇಲೆ ಅದನ್ನು ಬಿಡಬೇಕಾಗುತ್ತದೆ.

ಕಂಪನಿಯದೋ ಅಸೆಂಬಲ್ ಮಾಡಿಸಿದ್ದೋ ಎಂಬ ಪ್ರಶ್ನೆಯಲ್ಲಿ ನನ್ನ ಒಲವು ಮಗಳ ಕಡೆಗೆ. ವಿಂಡೋಸಿನ ಅಸಲಿ ಪರವಾನಗಿ ಅದರೊಂದಿಗೇ ಬರುತ್ತದೆ, ಏನಾದರೂ ಆದರೆ ಒಂದೇ ಕಡೆ ಕೇಳಿದರಾಯಿತು. ಆದರೆ ಮನೆಗೇ ಬಂದು ಸರಿಪಡಿಸುವ ವಾರಂಟಿ ಎಂದು ಬರೆದಿದ್ದಷ್ಟನ್ನೇ ನೋಡದೆ, ತಮ್ಮ ಪಿನ್‌ಕೋಡ್ ಹೇಳಿ ಆ ಹಳ್ಳಿಗೆ ಬರುತ್ತಾರೆಯೇ ಎಂದು ಕಂಪನಿಯ ಸಹಾಯವಾಣಿಗೆ ಮೊದಲೇ ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲಿ ಪಡೆದುಕೊಳ್ಳಿ.


ಉತ್ತರ: ಮಂಡಗದ್ದೆ ದಾರಿ

ಇಬ್ಬರಿಗೂ ಕೃತಜ್ಞತೆಗಳು. ಬೆಸುಗೆಯವರು ಹೇಳಿದಂತೆ ತಗಡನ್ನು ಸವರಿ ನೋಡಿದೆ, ಜುಮ್ಮೆಂದಿತು. ಅಪ್ಪಯ್ಯನಿಗೆ ಹೇಳಿದರೆ, ಅದು ಮೊದಲಿನಿಂದಲೂ ಹಾಗೆಯೇ, ಅದಕ್ಕೇ ತಾವು ಮರದ ಹಲಗೆಯ ಮೇಲೆ ಕಾಲಿಟ್ಟು ಕೂರುವುದು ಎಂದರು! ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬೋರ್ಡು ಬಿಚ್ಚಿದಾಗ ಮೂರನೆಯ ರಂಧ್ರಕ್ಕೆ ವೈರೇ ಇರಲಿಲ್ಲ. ಹಿತ್ತಾಳೆಯ ಕೊಳವೆ ಎಂದೂ ವೈರ್ ಕಾಣದೆ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಮನೆ ಕಟ್ಟುವಾಗ ಅಡುಗೆಮನೆ ಮತ್ತು ಪಂಪಿನ ಪ್ಲಗ್ಗುಗಳಿಗೆ ಮಾತ್ರ ಅರ್ಥ್ ಎಳೆದಿದ್ದರಂತೆ. ಗುಂಡಿಯ ಬಲ್ಬು ಪರೀಕ್ಷೆಯಲ್ಲೂ ಬೆಳಕು ಮಂಕಾಗಿಯೇ ಬಂದಿತು. ಬಚ್ಚಲಿನ ಹಿಂದೆ ಹೊಸ ಗುಂಡಿ ತೆಗೆಸಿ, ಕಂಪ್ಯೂಟರ್ ಕೋಣೆಗೆ ಪ್ರತ್ಯೇಕ ವೈರ್ ಎಳೆಸುವುದೆಂದು ಮಾತಾಗಿದೆ.

ಇನ್ವರ್ಟರ್ ಸೈನ್ ವೇವ್, 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ. ಹಿಂದೆ ಇಕೋ, ಯುಪಿಎಸ್ ಎಂದು ಬರೆದ ಸ್ವಿಚ್ ಇದ್ದು ಇಕೋ ಕಡೆಗಿದೆ. ಬೇರೆ ಯುಪಿಎಸ್ ಕೊಳ್ಳಬೇಕೋ ಬೇಡವೋ?


ಉತ್ತರ: ಶೃಂಗೇರಿ ಕೀಲಿಮಣೆ

ಇಷ್ಟೆಲ್ಲ ಹೇಳಿದವರು ದೊಡ್ಡ ಕ್ಯಾಬಿನೆಟ್ಟಿನ ಯಂತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡಂತಿದೆ. ಅಂಗೈಯಗಲದ ಮಿನಿ ಪಿಸಿಯನ್ನೂ ವಿಚಾರಿಸಿ. ಇಂಟೆಲ್ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿ ಮಾನಿಟರಿನ ಬೆನ್ನಿಗೇ ಅಂಟಿಕೊಳ್ಳುತ್ತದೆ, ಸದ್ದಿಲ್ಲ, ವಿದ್ಯುತ್ ಬಳಕೆಯಂತೂ ತೀರಾ ಕಡಿಮೆ. ನಮ್ಮ ಮನೆಯಲ್ಲಿ ಮಳೆಗಾಲದ ಕರೆಂಟಿಲ್ಲದ ದಿನಗಳಲ್ಲೂ ಇನ್ವರ್ಟರಿನ ಮೇಲೆ ಇದು ಹಗಲೆಲ್ಲ ನಡೆಯುತ್ತದೆ. ರಾಜ್ಯಕ್ಕೆ 1948ರಿಂದಲೂ ವಿದ್ಯುತ್ ಕೊಡುತ್ತಿರುವ ಶರಾವತಿ ನಿಮ್ಮದೇ ಜಿಲ್ಲೆಯಲ್ಲಿ ಹರಿಯುತ್ತಿದ್ದರೂ, ನಾವು ಮಲೆನಾಡಿನವರು ಬ್ಯಾಟರಿಯ ಲೆಕ್ಕ ಹಾಕಿಯೇ ಸಾಮಾನು ಕೊಳ್ಳಬೇಕಾಗಿದೆ.

ನಾನು ಬರೆಯಲು ಬಂದ ಮುಖ್ಯ ವಿಷಯ ಅಪ್ಪಯ್ಯನವರ ಕಡತಗಳದ್ದು. ಅವರು ಬೆರಳಚ್ಚು ಮಾಡಿರುವುದು ಹಳೆಯ ನುಡಿಯಲ್ಲಾದರೆ ಆ ಕಡತಗಳು ಯೂನಿಕೋಡ್‌ನಲ್ಲಿ (ಎಲ್ಲ ಯಂತ್ರಗಳೂ ಓದಬಲ್ಲ ಸಾಮಾನ್ಯ ಅಕ್ಷರ ಸಂಕೇತದಲ್ಲಿ) ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿ ನುಡಿ 01 ಇ ಮುಂತಾದ ಫಾಂಟುಗಳು ತೋರಿಸುತ್ತಿರುತ್ತವೆ. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ, ಹಿರಿಯರು ಕಡತವೇ ಹಾಳಾಯಿತೆಂದು ಎದೆಯೊಡೆದುಕೊಳ್ಳುತ್ತಾರೆ. ಹಾಳಾಗಿರುವುದಿಲ್ಲ. ಹಳೆಯ ಯಂತ್ರದಿಂದ ಫಾಂಟುಗಳನ್ನೂ ಹೊಸದಕ್ಕೆ ತನ್ನಿ, ಅನಂತರ ಪರಿವರ್ತಕದ ಮೂಲಕ ಒಂದೊಂದಾಗಿ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ನೋಡಬೇಕು, ತಪ್ಪುಗಳು ಉಳಿಯುವುದು ಅಲ್ಲೇ. ಮೂಲ ಕಡತಗಳನ್ನು ಅಳಿಸಬಾರದು.

ವಿಂಡೋಸ್ ತನ್ನೊಳಗೆ ಕೊಡುವ ಕನ್ನಡ ಕೀಲಿಮಣೆಗಳು ಇನ್‌ಸ್ಕ್ರಿಪ್ಟ್ ಮತ್ತು ಫೋನೆಟಿಕ್. ನುಡಿಯ ಕಗಪ ವಿನ್ಯಾಸಕ್ಕೆ ಪಳಗಿದ ಬೆರಳುಗಳಿಗೆ ಅವು ಒಗ್ಗುವುದಿಲ್ಲವಾದ್ದರಿಂದ ನುಡಿಯನ್ನೇ ಮತ್ತೆ ಹಾಕಿಕೊಂಡು ಯೂನಿಕೋಡ್ ಆಯ್ಕೆಯಲ್ಲಿ ಬರೆಯುವುದು ಒಳ್ಳೆಯದು. ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್‌ನಲ್ಲಾದರೆ ಕಗಪ ಕೀಲಿಮಣೆ ಮೊದಲಿನಿಂದಲೇ ಇರುತ್ತದೆ, ಆಯ್ದುಕೊಂಡರೆ ಸಾಕು. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ಹಣವನ್ನೂ ಕೊಡಬೇಕಿಲ್ಲ. ಮಗಳ ಟ್ಯಾಲಿಗೆ ವಿಂಡೋಸ್ ಬೇಕಾಗುವುದರಿಂದ ಹೊಸ ಯಂತ್ರಕ್ಕೆ ಇದನ್ನು ಒತ್ತಾಯಿಸಲಾರೆ. ಆದರೆ ಹಳೆಯದನ್ನು ಗುಜರಿಗೆ ಹಾಕುವ ಮೊದಲು ಅದರಲ್ಲಿ ಒಂದು ಸಣ್ಣ ಎಸ್‌ಎಸ್‌ಡಿ ಮತ್ತು ಮಿಂಟ್ ಹಾಕಿ ಅಪ್ಪಯ್ಯನವರ ಬರವಣಿಗೆಗೆ ಬಿಟ್ಟುಕೊಡುವ ಬಗ್ಗೆ ಯೋಚಿಸಿ.


ಉತ್ತರ: ಬೆಸುಗೆ

ಮೂರನೆಯ ರಂಧ್ರದಲ್ಲಿ ವೈರಿಲ್ಲದಿರುವುದು ಈ ಕಡೆಯ ಹಳೆಯ ಮನೆಗಳಲ್ಲಿ ಹೊಸ ಸಂಗತಿಯಲ್ಲ. ಗುಂಡಿಯ ಕೆಲಸ ಮುಗಿದ ಮೇಲೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಿಸಿ, ಎರಡು ಮೂರು ವೋಲ್ಟಿನೊಳಗೆ ಇದ್ದರೆ ನೆಮ್ಮದಿ.

ಇನ್ವರ್ಟರ್ ಸೈನ್ ವೇವ್ ಆಗಿರುವುದರಿಂದ ಬೇರೆ ಯುಪಿಎಸ್ ಬೇಕಾಗಲಾರದು. ಇಕೋ ಕಡೆಗಿದ್ದರೆ ಇನ್ವರ್ಟರ್ 100 ವೋಲ್ಟಿನ ಆಸುಪಾಸಿನಿಂದ 290ರವರೆಗೆ ಬಂದದ್ದನ್ನೆಲ್ಲ ಹಾಗೆಯೇ ಒಳಗೆ ಬಿಡುತ್ತದೆ, ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವುದೂ ನಿಧಾನ. ಫ್ಯಾನು, ದೀಪಗಳಿಗೆ ಅದು ತಿಳಿಯುವುದಿಲ್ಲ, ಕಂಪ್ಯೂಟರ್ ಮಾತ್ರ ಆರಿ ಹೊತ್ತಿಕೊಳ್ಳುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದ ಮೇಲೆ ಸುಮಾರು 16 ಮಿಲಿಸೆಕೆಂಡ್ ಮಾತ್ರ ಉಸಿರು ಹಿಡಿದು ನಿಲ್ಲಬಲ್ಲದು. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿದರೆ ಬದಲಾವಣೆ ಬಹುತೇಕ ಅಷ್ಟರೊಳಗೆ ಮುಗಿಯುತ್ತದೆ ಮತ್ತು ವೋಲ್ಟೇಜು ಸುಮಾರು 180ರಿಂದ 260ರ ನಡುವೆ ಇಲ್ಲದಿದ್ದರೆ ಇನ್ವರ್ಟರ್ ಅದನ್ನು ಒಳಗೆ ಬಿಡದೆ ಬ್ಯಾಟರಿಯಿಂದಲೇ ಕೊಡುತ್ತದೆ. ಇದಕ್ಕೊಂದು ಬೆಲೆ ತೆರಬೇಕು. ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಫೆಬ್ರವರಿ, ಮಾರ್ಚ್‌ನ ಸಂಜೆಗಳಲ್ಲಿ ವೋಲ್ಟೇಜು 170ಕ್ಕೆ ಇಳಿದರೆ, ಕರೆಂಟು ಇದ್ದೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿಡಿ, ಇಲ್ಲದಿದ್ದರೆ ಕಂಪ್ಯೂಟರ್ ಬಂದ ಮೇಲೆ ಇನ್ವರ್ಟರ್ ಕೆಟ್ಟಿತು ಎಂಬ ಮಾತು ಬರುತ್ತದೆ. ಅಂಥ ಸಂಜೆಗಳು ಹೆಚ್ಚಾಗಿದ್ದರೆ ಇನ್ವರ್ಟರಿನ ಮುಂದೆ ಸ್ಟೆಬಿಲೈಸರ್ ಹಾಕಿಸುವುದು ಉಚಿತ. ತಾವು ಯೋಚಿಸುತ್ತಿರುವ ಯಂತ್ರ ಮಾನಿಟರ್ ಸೇರಿ ಸಾಧಾರಣ ಕೆಲಸದಲ್ಲಿ 80 ವ್ಯಾಟ್ ದಾಟುವುದು ಕಷ್ಟ. ದೀಪ, ಫ್ಯಾನುಗಳ ಜೊತೆಗೂ ಆ ಬ್ಯಾಟರಿ ಚೆನ್ನಾಗಿದ್ದರೆ ಐದಾರು ಗಂಟೆ ನಡೆಯುತ್ತದೆ.

ಮಿನಿ ಪಿಸಿಯ ಬಗ್ಗೆ ನನ್ನ ತಕರಾರಿದೆ. ವಿದ್ಯುತ್ತಿನ ಲೆಕ್ಕದಲ್ಲಿ ಶೃಂಗೇರಿಯವರು ಹೇಳಿದ್ದು ಸರಿ, ಎನ್100 ಪ್ರೊಸೆಸರಿನ ವಿದ್ಯುತ್ ಮಟ್ಟ 6 ವ್ಯಾಟ್. ಆದರೆ ಅದರಲ್ಲಿ ಒಂದು ಭಾಗ ಹೋದರೆ ಇಡೀ ಬೋರ್ಡು ಹೋದಂತೆ, ಕೆಲವು ಮಾದರಿಗಳಲ್ಲಿ ರ‍್ಯಾಮ್ ಕೂಡ ಬೋರ್ಡಿಗೇ ಬೆಸೆದಿರುತ್ತದೆ. ಬಿಡಿಭಾಗ ಶಿವಮೊಗ್ಗದಲ್ಲಿ ಸಿಗುವುದಿಲ್ಲ. ಇದೇ ಕಾರಣಕ್ಕೆ ಕಂಪನಿಯ ಸಣ್ಣ ಡಬ್ಬಿಯ ಡೆಸ್ಕ್‌ಟಾಪುಗಳಲ್ಲೂ ಎಚ್ಚರಿಕೆ ಬೇಕು. ಅವುಗಳ ಎಸ್‌ಎಂಪಿಎಸ್‌ನ ಆಕಾರವೂ ಮದರ್‌ಬೋರ್ಡಿನ ಕನೆಕ್ಟರೂ ಆ ಕಂಪನಿಗೇ ಮೀಸಲಾದವು. ಒಂದು ವರ್ಷದ ವಾರಂಟಿ ಮುಗಿದ ಮೇಲೆ ಸಿಡಿಲಿಗೆ ಎಸ್‌ಎಂಪಿಎಸ್ ಹೋದರೆ, ಬೇರೆ ಯಂತ್ರಕ್ಕೆ ಅರ್ಧ ದಿನದಲ್ಲಿ ಆಗುವ ಕೆಲಸಕ್ಕೆ ವಾರಗಟ್ಟಲೆ ಕಾಯಬೇಕು. ಎಲ್ಲ ಕಡೆ ದೊರೆಯುವ ಎಟಿಎಕ್ಸ್ ಅಳತೆಯ ಎಸ್‌ಎಂಪಿಎಸ್, ಎರಡು ರ‍್ಯಾಮ್ ಸ್ಲಾಟಿನ ಮೈಕ್ರೋ ಎಟಿಎಕ್ಸ್ ಬೋರ್ಡು ಇರುವ ಅಸೆಂಬಲ್ ಯಂತ್ರವನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. ನಮ್ಮ ವ್ಯಾಪಾರಕ್ಕೆ ಲಾಭವೆಂದು ಹೇಳುತ್ತಿದ್ದೇನೆ ಎಂದು ಯಾರಾದರೂ ಅಂದುಕೊಂಡರೆ ಅವರಿಗೆ ಉತ್ತರಿಸುವುದು ಕಷ್ಟ. ಆದರೆ ತೀರ್ಥಹಳ್ಳಿಯಿಂದ ಸುಮಾರು 60 ಕಿ.ಮೀ. ದೂರದ ಶಿವಮೊಗ್ಗಕ್ಕೆ ಬೆಳಗಿನ ಬಸ್ಸಿನಲ್ಲಿ ಕ್ಯಾಬಿನೆಟ್ ತಂದವರು ಸಂಜೆ ಅದನ್ನು ಹೊತ್ತು ಹಿಂದಿರುಗಬಹುದಾದದ್ದು ಇಂಥ ಯಂತ್ರದಲ್ಲಿ ಮಾತ್ರ.

ಎಸ್‌ಎಂಪಿಎಸ್‌ನಲ್ಲಿ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದು ಬೇಡ. 80 ಪ್ಲಸ್ ದಕ್ಷತಾ ಮುದ್ರೆಯಿರುವ 450 ವ್ಯಾಟಿನದ್ದನ್ನು ಬೇರೆ ಕೊಳ್ಳಿ. ಮೇಷ್ಟ್ರು ಎಸ್‌ಎಸ್‌ಡಿಗೆ ಹೇಳಿದ ರಾಜಿ ಬೇಡವೆಂಬ ಮಾತನ್ನು ನಾನು ಇದಕ್ಕೂ ಸೇರಿಸುತ್ತೇನೆ. ಕ್ಯಾಬಿನೆಟ್ ನೆಲದ ಮೇಲಿರಬಾರದು, ಹೊರಗೋಡೆಗೆ ತಾಗಿರಲೂಬಾರದು. ಹಿಂಬದಿಯಲ್ಲಿ ಖಾಲಿ ಉಳಿದ ಕಿಂಡಿಗಳಿಗೆ ತಗಡಿನ ಮುಚ್ಚಳ ಹಾಕಿಸಿ. ಹಲ್ಲಿಗಳು ಬೆಚ್ಚಗಿನ ಜಾಗ ಹುಡುಕಿ ಒಳಸೇರಿ ಬೋರ್ಡಿನ ಮೇಲೆ ಸತ್ತಿರುವುದನ್ನು, ಕುಂಬಾರ ಹುಳು ಗಾಳಿಯ ಕಿಂಡಿಗೆ ಮಣ್ಣು ಮೆತ್ತಿರುವುದನ್ನು ನೋಡಿ ನೋಡಿ ಸಾಕಾಗಿದೆ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ಸಿಡಿಲಿಲ್ಲದ ಹೊತ್ತು ನೋಡಿ ದಿನಕ್ಕೊಂದು ಗಂಟೆ ಯಂತ್ರ ಚಾಲೂ ಇಡಿ, ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಆರಿಸಿದ ತಕ್ಷಣ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ತೇವ ಒಳಗೇ ಉಳಿಯುತ್ತದೆ. ತೆಳು ಹತ್ತಿ ಬಟ್ಟೆ ಸಾಕು.


ಉತ್ತರ: ಹೊಸನಗರದ ಮೇಷ್ಟ್ರು

ಎಸ್‌ಎಂಪಿಎಸ್‌ನ ಆಕಾರದ ಮಾತಿಗೆ ತಲೆಬಾಗುತ್ತೇನೆ. ಕಂಪನಿಯದನ್ನೇ ಕೊಳ್ಳುವುದಾದರೆ ದೊಡ್ಡ ಟವರ್ ಮಾದರಿ ನೋಡಿ, ಮೂರು ವರ್ಷಕ್ಕೆ ವಾರಂಟಿ ವಿಸ್ತರಿಸಿ ಎಂದಷ್ಟೇ ನನ್ನ ತಿದ್ದುಪಡಿ. ಆದರೆ ಅಸೆಂಬಲ್ ಮಾಡಿಸುವವರು ವಿಂಡೋಸಿನ ಬೆಲೆಯನ್ನು ಲೆಕ್ಕಕ್ಕೇ ಹಿಡಿಯದೆ ಹೋಲಿಕೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಅಂಗಡಿಯಲ್ಲಿ ಸುಮ್ಮನೆ ಹಾಕಿಕೊಡುವ ನಕಲಿ ಪ್ರತಿಯಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಬಾಗಿಲು ತೆರೆದಿಟ್ಟು ಮಲಗಿದಂತೆ. ಪರವಾನಗಿಗೆ ಹಣ ಎತ್ತಿಡಿ. ಎಂಎಸ್ ಆಫೀಸ್ ಬದಲಿಗೆ ಲಿಬ್ರೆ ಆಫೀಸ್ ಬಳಸಿ ಸ್ವಲ್ಪ ಉಳಿಸಿಕೊಳ್ಳಬಹುದು, ತಮ್ಮ ಎಕ್ಸೆಲ್ ಲೆಕ್ಕಗಳು ಅದರಲ್ಲೂ ತೆರೆದುಕೊಳ್ಳುತ್ತವೆ.

ಮಾನಿಟರಿನ ಬಗ್ಗೆ ಯಾರೂ ಹೇಳಲಿಲ್ಲ. ಅಪ್ಪಯ್ಯನವರಿಗಾಗಿ 24 ಇಂಚಿನ ಐಪಿಎಸ್ (ಓರೆಯಾಗಿ ನೋಡಿದರೂ ಬಣ್ಣ ಕೆಡದ) ಪರದೆ, ಎತ್ತರ ಹೊಂದಿಸಲು ಬರುವ ಸ್ಟ್ಯಾಂಡಿನದು ಕೊಳ್ಳಿ. 27 ಇಂಚಿನಲ್ಲಿ ಅದೇ 1920×1080 ಚುಕ್ಕಿಗಳಿದ್ದರೆ ಅಕ್ಷರ ದೊಡ್ಡದಾಗಿ ಕಂಡರೂ ಅಂಚು ಒರಟಾಗುತ್ತದೆ. ಕನ್ನಡದ ಒತ್ತಕ್ಷರಗಳ ಸಣ್ಣ ಸುರುಳಿಗಳಲ್ಲಿ ಇದು ಎದ್ದು ಕಾಣುತ್ತದೆ. 24 ಇಂಚಿನಲ್ಲಿ ವಿಂಡೋಸಿನ ಅಳತೆಯನ್ನು 125 ಪ್ರತಿಶತಕ್ಕೆ ಏರಿಸಿದರೆ ಸರಿಹೋಗುತ್ತದೆ. ಕಿಟಕಿ ಪರದೆಯ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕದಲ್ಲಿರಲಿ.


ಉತ್ತರ: ಮಂಡಗದ್ದೆ ದಾರಿ

ಮನೆಯಲ್ಲಿ ಎಲ್ಲರೂ ಕುಳಿತು ಓದಿದೆವು. ಹನ್ನೆರಡನೆಯ ತಲೆಮಾರಿನ ಐ3, 8 ಜಿಬಿಯ ಒಂದು ರ‍್ಯಾಮ್ ಪಟ್ಟಿ, 512 ಜಿಬಿ ಎಸ್‌ಎಸ್‌ಡಿ, ಮೈಕ್ರೋ ಎಟಿಎಕ್ಸ್ ಬೋರ್ಡು, ಬೇರೆಯಾಗಿ ಕೊಂಡ ಎಸ್‌ಎಂಪಿಎಸ್, 24 ಇಂಚಿನ ಐಪಿಎಸ್ ಮಾನಿಟರ್, ಅಸಲಿ ವಿಂಡೋಸ್ 11, ಇವಿಷ್ಟನ್ನು ಶಿವಮೊಗ್ಗದಲ್ಲೇ ಜೋಡಿಸಿಕೊಳ್ಳುವುದೆಂದು ತೀರ್ಮಾನವಾಗಿದೆ. ರ‍್ಯಾಮಿನಲ್ಲಿ ಉಳಿದ ಹಣ ಅರ್ಥಿಂಗ್ ಗುಂಡಿಗೆ. ಮಗಳು ಮೊದಲು ಒಪ್ಪಲಿಲ್ಲ, ಎಸ್‌ಎಂಪಿಎಸ್‌ನ ಮಾತು ಓದಿದ ಮೇಲೆ ಒಪ್ಪಿದಳು. ಹಳೆಯ ಯಂತ್ರಕ್ಕೆ ಮಿಂಟ್ ಹಾಕುವ ಹೊಣೆಯನ್ನು ಅವಳೇ ವಹಿಸಿಕೊಂಡಿದ್ದಾಳೆ. ಕೊನೆಯದಾಗಿ ಎರಡು ಸಂದೇಹ: ಹಳೆಯ ಹಾರ್ಡ್ ಡಿಸ್ಕನ್ನು ಹೊಸ ಯಂತ್ರದೊಳಗೇ ಜೋಡಿಸಬಹುದೇ? ಅಂಗಡಿಯಲ್ಲಿ ಬಿಲ್ ಮಾಡಿಸುವಾಗ ಏನನ್ನು ಗಮನಿಸಬೇಕು?


ಉತ್ತರ: ಬೆಸುಗೆ

ಜೋಡಿಸಬಹುದು, ಹಾರ್ಡ್ ಡಿಸ್ಕ್ ಸಿಕ್ಕಿಸುವ ಸಾಟಾ ಕನೆಕ್ಟರ್ ಹೊಸ ಬೋರ್ಡುಗಳಲ್ಲೂ ಇರುತ್ತದೆ. ಆದರೆ ಇಷ್ಟು ವರ್ಷ ಕರೆಂಟು ಹೋಗಿ ಬಂದು ಪೆಟ್ಟು ತಿಂದ ಡಿಸ್ಕನ್ನು ನಿತ್ಯದ ಬಳಕೆಗೆ ಇಟ್ಟುಕೊಳ್ಳಬೇಡಿ. ಅಂಗಡಿಗೆ ಅದನ್ನೂ ತನ್ನಿ, ಹೊಸ ಯಂತ್ರ ಜೋಡಿಸಿದಾಗಲೇ ಅಪ್ಪಯ್ಯನವರ ಕಡತಗಳನ್ನೂ ಫಾಂಟುಗಳ ಫೋಲ್ಡರನ್ನೂ ಎಸ್‌ಎಸ್‌ಡಿಗೆ ನಕಲು ಮಾಡಿಸಿ, ಜೊತೆಗೆ ಬೇರೊಂದು ಯುಎಸ್‌ಬಿ ಹಾರ್ಡ್ ಡಿಸ್ಕಿಗೂ ಒಂದು ಪ್ರತಿ ಹಾಕಿಸಿಕೊಳ್ಳಿ. ಆ ಯುಎಸ್‌ಬಿ ಡಿಸ್ಕ್ ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡಿರಬಾರದು, ಕಪಾಟಿನಲ್ಲಿರಲಿ.

ಬಿಲ್ಲಿನಲ್ಲಿ ಒಟ್ಟು ಮೊತ್ತವನ್ನು ಒಂದೇ ಸಾಲಿನಲ್ಲಿ ಬರೆಯಲು ಬಿಡದೆ ಪ್ರೊಸೆಸರ್, ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಮಾನಿಟರ್ ಪ್ರತಿಯೊಂದರ ಮಾದರಿ ಮತ್ತು ಸೀರಿಯಲ್ ಸಂಖ್ಯೆಯನ್ನು ಬರೆಸಿ. ಅಸೆಂಬಲ್ ಯಂತ್ರದಲ್ಲಿ ವಾರಂಟಿ ಬಿಡಿಬಿಡಿಯಾಗಿ ಬರುತ್ತದೆ. ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ ಮೂರು ವರ್ಷ, ಉಳಿದವುಗಳಿಗೆ ಮಾದರಿಯಂತೆ ಬೇರೆ ಬೇರೆ. ಪ್ರೊಸೆಸರಿನ ಡಬ್ಬಿಯನ್ನು ತಮ್ಮೆದುರಿಗೇ ಒಡೆಯಲು ಹೇಳಿ, ಡಬ್ಬಿಯಿಲ್ಲದೆ ಬಿಡಿಯಾಗಿ ಬರುವುದಕ್ಕೆ ತಯಾರಕರ ವಾರಂಟಿ ನೇರವಾಗಿ ಸಿಗದೆ ಹೋಗಬಹುದು. ಬಿಲ್ಲಿನ ಶಾಯಿ ನಮ್ಮ ಹವೆಗೆ ಒಂದೆರಡು ಮಳೆಗಾಲದಲ್ಲಿ ಮಾಸುವುದರಿಂದ ಅಂದೇ ಅದರ ಫೋಟೋ ತೆಗೆದು ಮಗಳ ಇ-ಮೇಲ್‌ಗೂ ಕಳುಹಿಸಿಕೊಳ್ಳಿ. ಭರಣಿ ಮಳೆ ಹತ್ತುವ ಮೊದಲು ಗುಂಡಿಯ ಕೆಲಸ ಮುಗಿಸಿ, ಯಂತ್ರವನ್ನು ಅದರ ನಂತರವೇ ತನ್ನಿ.